ಮಾರಿಬಿಡಬೇಕು ಅಂದವರು

ಈರಕ್ಕ ಒಳಗೆ ಬಂದವಳೇ ಸೆರಗಿನ ಮರೆಯಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಬೆಲ್ಲದ ವಾಸನೆ ಆ ಸಣ್ಣ ಕೋಣೆಯನ್ನೆಲ್ಲ ತುಂಬಿತು.

“ಇದ್ಯಾಕ್ರಿ ತಂದ್ರಿ?” ಎಂದಳು ಪುಷ್ಪಲತಾ.

“ಶೇಂಗಾ ಹೋಳಿಗಿ ಐತ್ರಿ, ತಗೋರಿ. ನೀವು ಹೇಳಿದಂಗ ಮಾಡಿದ್ವಿ ಮೇಡಮ್ಮಾರ. ಕುರಿ ಮಾರಿಬಿಟ್ವಿ.”

ಪುಷ್ಪಲತಾಳಿಗೆ ಮೊದಲು ಅರ್ಥವಾಗಲಿಲ್ಲ. “ನಾನು ಹೇಳಿದ್ದಾ?”

“ಹೂನ್ರಿ. ಹೋದ ಸಲ ನಮ್ಮ ಮನಿಯವ್ರ ಕೂಡ ಮಾತಾಡ್ತಾ ಅಂದ್ರಲ್ಲ, ಮಾರಿಬಿಡಬೇಕು ಅಂತ. ನಾನೂ ಇಲ್ಲೇ ಕುಂತಿದ್ನಲ್ರಿ.”

ಹಗರಿಬೊಮ್ಮನಹಳ್ಳಿಯ ಆ ಕ್ಲಿನಿಕ್ಕಿನಲ್ಲಿ ಮಾತ್ರೆ ಬರೆದುಕೊಡುವವರು ಡಾಕ್ಟರ್ ಗುರುಬಸವರಾಜ. ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸುವ ಕೆಲಸ ಪುಷ್ಪಲತಾಳದು. ಬಾಗಿಲ ಮೇಲೆ ಆಪ್ತಸಮಾಲೋಚಕರು ಎಂಬ ಬೋರ್ಡು ಇತ್ತು. ಅದರ ಕೆಳಗೆ ಹಾದು ಒಳಗೆ ಬರುವಾಗಲೆಲ್ಲ ಅವಳ ಎದೆ ಒಮ್ಮೆ ಅಳುಕುತ್ತಿತ್ತು. ಹರಪನಹಳ್ಳಿಯ ಹುಡುಗಿ ಅವಳು. ಹಗಲು ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿ, ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದ್ದಳು; ಆಮೇಲೆ ಅಂಚೆ ಶಿಕ್ಷಣದಲ್ಲಿ ಮನಶ್ಶಾಸ್ತ್ರದ ಎಂ.ಎ., ಅದಾದ ಮೇಲೆ ಭಾನುವಾರಗಳ ತರಬೇತಿ. ಯಾರಾದರೂ ಎಲ್ಲಿ ಓದಿದಿರಿ ಎಂದು ಕೇಳಿದರೆ ಊರಿನ ಹೆಸರಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು.

ತರಬೇತಿಯಲ್ಲಿ ಮೇಡಂ ಕಲಿಸಿದ ಮೊದಲ ಪಾಠ, ಬುದ್ಧಿ ಹೇಳಬೇಡಿ ಎಂಬುದು. ಬಂದವರು ಏನು ಹೇಳುತ್ತಾರೋ ಅದನ್ನೇ ಕನ್ನಡಿಯ ಹಾಗೆ ಅವರಿಗೆ ತೋರಿಸಿ. ಮಾರಬೇಕು ಅನಿಸುತ್ತದೆ ಎಂದರೆ, ನಿಮಗೆ ಮಾರಬೇಕು ಅನ್ನಿಸುತ್ತಿದೆ ಎನ್ನಿ. ತಮ್ಮ ಮಾತು ತಮಗೇ ಕೇಳಿಸಿದರೆ ಜನ ತಾವಾಗಿಯೇ ಮುಂದಿನದನ್ನು ಯೋಚಿಸುತ್ತಾರೆ. ಆದರೆ ಅದೇ ತರಗತಿಯಲ್ಲಿ ಪುಷ್ಪಲತಾ ಬಾಯಿ ತೆರೆದು ಐತಿ, ಅದಾವ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದರು. ಅಂದಿನಿಂದ ಅವಳು ಮಾತನ್ನು ಕತ್ತರಿಸಿ ಕತ್ತರಿಸಿ ಆಡುವುದನ್ನು ರೂಢಿ ಮಾಡಿಕೊಂಡಳು. ವಾಕ್ಯ ಚಿಕ್ಕದಾದಷ್ಟೂ ತಪ್ಪು ಕಡಿಮೆ ಎಂಬುದು ಅವಳ ಲೆಕ್ಕ. ನಿಮಗೆ ಎನ್ನುವುದು ಮೊದಲು ಹೋಯಿತು. ಆಮೇಲೆ ಅನ್ನಿಸುತ್ತಿದೆ ಎನ್ನುವ ಬಾಲವೂ ಹೋಯಿತು.

ಉಳಿದದ್ದು ಬೇಕು ಎಂಬ ಪದ ಮಾತ್ರ. ಕನ್ನಡದಲ್ಲಿ ಅದು ಆಸೆಗೂ ಆಗುತ್ತದೆ, ಅಪ್ಪಣೆಗೂ ಆಗುತ್ತದೆ. ಇಷ್ಟು ಸಣ್ಣ ಸಂಗತಿ ಅವಳಿಗೆ ಈವರೆಗೆ ಹೊಳೆದೇ ಇರಲಿಲ್ಲ.

ಈರಕ್ಕನ ಗಂಡ ಕರಿಸಿದ್ದಪ್ಪ ಮಾಗಳದ ಕುರಿಗಾರ. ಬೇಸಿಗೆಯಲ್ಲಿ ನಸುಕಿಗೇ ಕುರಿ ಹೊಡೆದುಕೊಂಡು ರಸ್ತೆ ದಾಟುವಾಗ ಲಾರಿಯೊಂದು ಹಿಂಡಿನ ನಡುವೆ ನುಗ್ಗಿತ್ತು. ಅವನು ಮುಂದಿದ್ದ, ಉಳಿದುಕೊಂಡ. ಅಂದಿನಿಂದ ಹಾರನ್ ಕೇಳಿದರೆ ಕೂತಲ್ಲೇ ನಡುಗುತ್ತಿದ್ದ, ಕಣ್ಣು ಮುಚ್ಚಿದರೆ ಎದ್ದು ಕೂರುತ್ತಿದ್ದ. “ಉಳಿದವನ್ನ ನೋಡಿದ್ರ ಸತ್ತವು ಕಣ್ಣಿಗೆ ಕಟ್ತಾವ್ರಿ. ಎಲ್ಲಾ ಮಾರಿಬಿಡಬೇಕು ಅನ್ನಿಸ್ತೈತಿ” ಎಂದಿದ್ದ ಹೋದ ಸಲ. ಪುಷ್ಪಲತಾ ತಲೆದೂಗಿ, ನಿಧಾನವಾಗಿ, ಕಲಿತಂತೆ ತಿರುಗಿ ಹೇಳಿದ್ದಳು: “ಮಾರಿಬಿಡಬೇಕು.”

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ್ದ. ಮಾತು ಒಳಗಿಳಿಯಿತು ಎಂದು ಅವಳು ಅಂದು ಹೆಮ್ಮೆಪಟ್ಟುಕೊಂಡಿದ್ದಳು. ಸಂಜೆ ಊರಿಗೆ ಮರಳುವ ಬಸ್ಸು ಕೊಟ್ಟೂರು ತಲುಪುವವರೆಗೂ ಆ ಹೆಮ್ಮೆ ಇತ್ತು.

“ನಿದ್ದಿ ಹೆಂಗೈತ್ರಿ ಈಗ ಅವರಿಗೆ?” ಪುಷ್ಪಲತಾಳ ದನಿ ಅವಳಿಗೇ ಗುರುತು ಸಿಗಲಿಲ್ಲ.

“ಎಲ್ಲಿ ನಿದ್ದಿ ತಗೀರಿ. ಖಾಲಿ ಹಟ್ಟ್ಯಾಗ ಹೋಗಿ ಕುಂದರ್ತಾರ. ಉಣ್ಣಾಕ ಕರದ್ರ, ನೀರು ಕುಡಿಸಿ ಬರ್ತೀನಿ ತಡಿ ಅಂತಾರ. ಯಾವಕ್ಕ ಕುಡಸ್ತಾರೋ.” ಈರಕ್ಕ ಮೂಗು ಒರೆಸಿಕೊಂಡಳು. “ಆದ್ರ ನಿಮ್ಮ ಮಾತು ಸುಳ್ಳು ಅನ್ನಂಗಿಲ್ರಿ. ನಾವಾ ತಿಳ್ಕಳದ್ರಾಗ ತಪ್ಪಿವಿ. ನಮ್ಮ ಮೈದುನ ಹುಲುಗಪ್ಪ ಅಂದ, ಮೈಲಾರದ ಕಾರ್ಣಿಕಾನೂ ಹಂಗಾ ಅಲ್ಲೇನು, ಜಾತ್ರ್ಯಾಗ ಬಿಲ್ಲ ಏರಿ ಗೊರವಯ್ಯ ಭವಿಷ್ಯದ ಒಂದಾ ಮಾತು ಆಡ್ತಾನ, ಮಳಿನೋ ಬೆಳಿನೋ ರಾಜ್ಯನೋ ಅಂತ ತಿಳ್ಕಳದು ನಮಗ ಬಿಟ್ಟಿದ್ದು. ಮೇಡಮ್ಮಾರು ಮಾರಿಬಿಡಬೇಕು ಅಂದ್ರ ಹೊರತು ಕುರಿ ಅನ್ಲಿಲ್ಲಲ್ಲ. ಹೊಳಿ ದಂಡಿ ಹೊಲ ಇರಬೇಕು ನೋಡು, ಅಂದ. ಆ ಹೊಲದ ಮ್ಯಾಲ ಅವಂಗ ಮೊದ್ಲಿಂದ ಕಣ್ಣೂ ಐತ್ರಿ, ಆ ಮಾತು ಬ್ಯಾರೆ. ಕೇಳ್ಕಂಡು ಹೋಗಮ ಅಂತ ಬಂದ್ವಿ. ಹೊಲಾನಾ?”

ಪುಷ್ಪಲತಾಳ ಕಿವಿ ಬಿಸಿಯಾಯಿತು. “ಒಂದು ನಿಮಿಷ ಕುಂದರ್ರಿ” ಎಂದು ಎದ್ದು ಡಾಕ್ಟರ ಕೋಣೆಗೆ ಹೋದಳು. ನಿಂತುಕೊಂಡೇ, ಅಲ್ಲಲ್ಲಿ ತಡವರಿಸುತ್ತ, ನಡೆದದ್ದನ್ನೆಲ್ಲ ಹೇಳಿದಳು.

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಮಾರ್ರಿ ಅಂತ ನೀವು ಹೇಳಿದ್ರೇನಮ್ಮ?”

“ಇಲ್ಲ ಸರ್. ಆದ್ರೆ ಹಾಗೆ ಕೇಳಿಸಿದೆ.”

“ಕೇಳಿಸಿದ್ದಕ್ಕೆಲ್ಲ ನಾವು ಹೊಣೆಯಾದ್ರೆ ಬಾಗಿಲು ಹಾಕ್ಕೊಂಡು ಹೋಗ್ಬೇಕಾಗುತ್ತೆ. ನಿಮ್ಮ ಮೇಲೆ ನಂಬಿಕೆ ಇಟ್ಕೊಂಡಿದಾರೆ, ಅದನ್ನ ಯಾಕೆ ಕೆಡಿಸ್ತೀರಿ? ಹೊಲ ಬೇಡ ಅಂತ ಹೇಳಿಬಿಡಿ. ಕೇಳ್ತಾರೆ. ಮುಗೀತಲ್ಲ.”

ಮುಗಿಯುವ ಮಾತೇ. ಹಿಂದಿರುಗಿ ಬರುವ ನಾಲ್ಕು ಹೆಜ್ಜೆಯಲ್ಲಿ ಅವಳು ಆ ವಾಕ್ಯವನ್ನು ಬಾಯೊಳಗೇ ಜೋಡಿಸಿಕೊಂಡಳು. ಹೊಲ ಮಾರಬೇಡಿ. ಎರಡೇ ಪದ, ತಪ್ಪಿಗೆ ಜಾಗವೇ ಇಲ್ಲ. ಹೊಲ ಉಳಿಯುತ್ತದೆ, ಬೋರ್ಡೂ ಉಳಿಯುತ್ತದೆ. ಅವಳ ಮಾತು ಮಾಗಳದಲ್ಲಿ ಇನ್ನಷ್ಟು ದೊಡ್ಡದಾಗುತ್ತದೆ, ಅಷ್ಟೇ.

ಹೊರಗೆ ಕಾದಿದ್ದ ಕರಿಸಿದ್ದಪ್ಪ ಈಗ ಒಳಗೆ ಬಂದು ಕುರ್ಚಿಯಲ್ಲಿ ಕೂತಿದ್ದ. ಮಡಚಿದ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅವಳು ಬಂದದ್ದು ಕಂಡು ಎದ್ದು ನಿಂತ. ತನ್ನ ಅಪ್ಪನ ವಯಸ್ಸಿನವನು ತನಗಾಗಿ ಎದ್ದು ನಿಂತದ್ದನ್ನು ನೋಡಿ ಅವಳು ಜೋಡಿಸಿಕೊಂಡಿದ್ದ ಎರಡು ಪದವನ್ನು ಕೈಬಿಟ್ಟಳು.

“ಕುಂದರ್ರಿ ಯಜಮಾನ್ರ” ಎಂದಳು. ತಾನೂ ಕೂತಳು. “ಕುರಿ ಮಾರ್ಬೇಕಂತ ನಾನು ಹೇಳಿದ್ದಲ್ಲ. ಆ ಮಾತು ನೀವು ಆಡಿದ್ದು. ನೀವು ಆಡಿದ್ದನ್ನ ನಿಮಗಾ ಕೇಳ್ಸಲಿ ಅಂತ ತಿರುಗಿ ಅಂದೆ. ನಮಗ ಹಂಗ ಕಲಿಸಿರ್ತಾರ. ನಾನು ಅದನ್ನ ಸರಿಯಾಗಿ ಅನ್ಲಿಲ್ಲ. ಅರ್ಧ ನುಂಗಿದೆ. ತಪ್ಪು ನಂದು.”

ಈರಕ್ಕ ಗಂಡನನ್ನೂ ಅವಳನ್ನೂ ನೋಡಿದಳು. “ಅಂದ್ರ, ನೀವು ಅನ್ಲಿಲ್ಲೇನ್ರಿ?”

“ಅಂದೆ. ಆದ್ರ ನನ್ನ ಮಾತಲ್ಲ ಅದು.”

“ನಿಮ್ಮ ಬಾಯಾಗಿಂದ ಬಂದಿದ್ದು ನಿಮ್ಮದಲ್ಲ ಅಂದ್ರ ಮತ್ಯಾರದ್ರಿ?”

“ನಂದಂತ ಅದು” ಎಂದ ಕರಿಸಿದ್ದಪ್ಪ ಹೆಂಡತಿಗೆ. ಅಷ್ಟು ಹೇಳಿ ಕಂಬಳಿಯ ಅಂಚನ್ನು ಬೆರಳಲ್ಲಿ ಹೊಸೆಯತೊಡಗಿದ. ಹೊರಗೆ ಮಾತ್ರೆ ಅಂಗಡಿಯವನು ಯಾರದೋ ಹೆಸರು ಕೂಗಿದ.

“ಹಂಗಾರ ಮಾರಿದಾವ ನಾನಾ” ಎಂದ. “ಇವತ್ತಿನ ಮಟ ನೀವು ಮಾರಿಸಿದ್ರಿ ಅಂತ ಇದ್ದೆ. ವ್ಯಾಪಾರದಾವ ಟಗರಿನ ಕೊಳ್ಳಾಗಿನ ಗಂಟಿ ಬಿಚ್ಚಿ ಕೈಯಾಗ ಕೊಟ್ಟಾಗ, ಮೇಡಮ್ಮಾರು ಹೇಳ್ಯಾರಲ್ಲ ಅಂತ ಇಸ್ಕಂಡೆ. ಇಲ್ಲದಿದ್ರ ಕೈ ಚಾಚ್ತಿರ್ಲಿಲ್ರಿ.”

ತಪ್ಪೊಪ್ಪಿಕೊಂಡರೆ ಹಗುರಾಗುತ್ತೇನೆ ಎಂದು ಅವಳು ಒಳಗೊಳಗೇ ಎಣಿಸಿದ್ದಳು. ಈಗ ನೋಡಿದರೆ ತನ್ನ ತಲೆಯ ಭಾರವನ್ನು ಇಳಿಸಿ ಅವನ ತೊಡೆಯ ಮೇಲಿಟ್ಟಂತಾಗಿತ್ತು. ನಿಜ ಹೇಳಿದ್ದಕ್ಕೂ ಹೀಗೆ ನಾಚಿಕೆಯಾಗುತ್ತದೆ ಎಂಬುದು ಯಾವ ಪಾಠದಲ್ಲೂ ಇರಲಿಲ್ಲ. ಮೇಜಿನ ಮೇಲಿದ್ದ ಡಬ್ಬಿಯನ್ನು ಮೆಲ್ಲನೆ ಈರಕ್ಕನ ಕಡೆಗೆ ಸರಿಸಿದಳು.

“ಇರ್ಲಿ ಬಿಡ್ರಿ” ಎಂದಳು ಈರಕ್ಕ, ಬೇರೆ ಕಡೆ ನೋಡುತ್ತ. “ಕೊಟ್ಟಿದ್ದು ಹೊಳ್ಳಿ ಇಸ್ಕಳ್ಳದಿಲ್ಲ ನಾವು. ಡಬ್ಬಿ ಅಷ್ಟು ಖಾಲಿ ಮಾಡಿ ಕೊಡ್ರಿ.”

“ಹೊಲದ ವಿಚಾರಾನೂ ನಾನು ಏನೂ ಹೇಳಿಲ್ರಿ. ಹುಲುಗಪ್ಪಾರಿಗೆ ಹಂಗಂತ ಹೇಳ್ರಿ. ನಾನು ಹೇಳಿದ್ದು ಏನೂ ಇಲ್ಲ ಅನ್ರಿ.”

“ಅವನಿಗೆ ನಾ ಹೇಳ್ತೀನಿ” ಎಂದಳು ಈರಕ್ಕ. ಆ ದನಿಯಲ್ಲಿ ಹುಲುಗಪ್ಪನಿಗೆ ಕಾದಿದ್ದದ್ದು ಕೇಳಿಸುತ್ತಿತ್ತು.

ಕರಿಸಿದ್ದಪ್ಪ ಏಳಲಿಲ್ಲ. “ಒಂದು ಮುದಿ ಕುರಿ ಉಳದೈತ್ರಿ, ಇಕಿ ಅದನ್ನ ಲೆಕ್ಕಕ್ಕ ಹಿಡ್ಯಂಗಿಲ್ಲ” ಎಂದ. “ಲಾರಿಗೆ ಸಿಕ್ಕು ಹಿಂದಿನ ಕಾಲು ಸೊಟ್ಟಾಗೈತಿ. ವ್ಯಾಪಾರದಾವ ಬ್ಯಾಡಂದ. ಅದನ್ನ ಏನು ಮಾಡಬೇಕ್ರಿ?”

ಅವಳ ಬಾಯಿ ತಾನಾಗಿಯೇ ತೆರೆಯಿತು. ಏನು ಮಾಡಬೇಕು ಎಂದು ತಿರುಗಿ ಹೇಳಲು ನಾಲಿಗೆ ಸಿದ್ಧವಾಗಿತ್ತು. ತಡೆದಳು. ಮೆಲ್ಲಗೆ, ಒಂದು ಪದವನ್ನೂ ಬಿಡದೆ, ತನ್ನ ಊರಿನ ಮಾತಿನಲ್ಲೇ ಕೇಳಿದಳು: “ಅದನ್ನ ಏನು ಮಾಡಬೇಕು ಅಂತ ನಿಮಗ ಅನ್ನಿಸ್ತೈತ್ರಿ, ಯಜಮಾನ್ರ?”

“ಈಗ ಕೇಳ್ತೀರಿ” ಎಂದ ಅವನು.

ಪುಷ್ಪಲತಾ ತಲೆ ತಗ್ಗಿಸಿದಳು. ಈರಕ್ಕ ಎದ್ದು, ಹೋಗಮ ನಡೀರಿ ಎಂದು ಗಂಡನ ಭುಜ ಮುಟ್ಟಿದಳು. ಅವನು ಕಂಬಳಿಯನ್ನು ತೊಡೆಯ ಮೇಲೆ ಇನ್ನೊಂದು ಬಾರಿ ಮಡಚಿದ.

“ಅದು ರಾತ್ರಿ ಒದರ್ತೈತ್ರಿ” ಎಂದ ಕೊನೆಗೆ. “ಒಂದಾ ಅಲ್ಲೇನು. ನಾ ಹೋಗಿ ಹಟ್ಟ್ಯಾಗ ಕುಂತ್ರ ಸುಮ್ಮನಾಗತೈತಿ.”

ಪುಷ್ಪಲತಾ ಆ ಮಾತನ್ನು ತಿರುಗಿ ಹೇಳಲಿಲ್ಲ. ಈರಕ್ಕ ಭುಜದ ಮೇಲಿನ ಕೈ ತೆಗೆದು ಗಂಡನ ಪಕ್ಕದ ಕುರ್ಚಿಯಲ್ಲಿ ಮತ್ತೆ ಕೂತಳು. ಅವನು ಮುಂದೆ ಹೇಳುತ್ತ ಹೋದ.