ಅಖಾಡದಂಚಿನ ನೂಕು

ಫುಸಾಎ ಒಸಾಕಾಗೆ ಬಂದದ್ದು ಸುಮೋ ಮೇಲಿನ ಪ್ರೀತಿಯಿಂದಲ್ಲ. ತನ್ನ ಮಗ ಮಿತ್ಸುಗುವಿನ ಮಂಡಿ ಮುರಿದ ಶಿಯೊಗಾಕೆ ಎಂಬ ಪೈಲ್ವಾನ ಸೋತು ಮಣ್ಣು ಮುಕ್ಕುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು.

ಮೂರು ವರ್ಷದ ಹಿಂದೆ ಇದೇ ಅಖಾಡದಲ್ಲಿ ಮಿತ್ಸುಗುವಿನ ಕಾಲು ಹುಲ್ಲುಹಗ್ಗದ ವೃತ್ತವನ್ನು ದಾಟಿ ಕುಸ್ತಿ ಮುಗಿದಿತ್ತು. ಆಮೇಲೂ ಶಿಯೊಗಾಕೆ ಅವನ ಎದೆಗೆ ಕೈಕೊಟ್ಟು ನೂಕಿದ. ಎತ್ತರದ ಮಣ್ಣಿನ ದಿಬ್ಬದಿಂದ ಮಿತ್ಸುಗು ಕೆಳಕ್ಕೆ ಉರುಳಿದ. ಈಗ ಅವನು ಸಕಾಇಮಿನಾತೊ ಬಂದರಿನಲ್ಲಿ ತಾಯಿಯ ಜೊತೆ ಏಡಿ ವಿಂಗಡಿಸುತ್ತಾನೆ.

ನಡುಮಧ್ಯಾಹ್ನ. ಇನ್ನೂ ಕೆಳದರ್ಜೆಯವರ ಕುಸ್ತಿ, ಅರ್ಧ ಸಭಾಂಗಣ ಖಾಲಿ. ನೆಲದ ಮೇಲೆ ನಾಲ್ಕು ಜನ ಮಂಡಿ ಮಡಚಿ ಕೂರುವ ಚೌಕದಲ್ಲಿ ಫುಸಾಎ ಜೊತೆ ಒಬ್ಬನೇ ಮುದುಕ. ಅವನ ಕೊರಳಲ್ಲಿ ಶಿಯೊಗಾಕೆಯ ಹೆಸರಿನ ಟವೆಲ್ಲು.

"ಅಕ್ಕಾ, ಸ್ವಲ್ಪ ಮಂಡಿ ಮಡಚ್ಕೊಳ್ಳಿ. ನನ್ನ ಬಿಯರು ಚೆಲ್ಲತ್ತೆ."

"ಬೇಕಾದ್ರೆ ನೀವೇ ಮಡಚ್ಕೊಳ್ಳಿ. ಎಲ್ರಿಗೂ ಮಂಡಿ ನೆಟ್ಟಗಿರಲ್ಲ."

ಮುದುಕ ಅವಳನ್ನು ದಿಟ್ಟಿಸಿದ. "ಯಾರ ಕಡೆಯೋರು ನೀವು?"

"ಯಾರ ಕಡೆಯೂ ಅಲ್ಲ. ನಿಮ್ಮ ಟವೆಲ್ಲಿನವನು ಬೀಳೋದನ್ನ ನೋಡೋಕೆ ಬಂದೆ."

"ಅಯ್ಯೋ, ಹಂಗಾದ್ರೆ ಬಸ್ ಚಾರ್ಜು ದಂಡ! ನಾನು ಅವನ ಸೋದರಮಾವ. ಈ ಸಲ ನಮ್ಮ ಹುಡುಗ ಒಂದೂ ಸೋತಿಲ್ಲ." ನಗುತ್ತಾ ಸುಟ್ಟ ಕೋಳಿಯ ಕಡ್ಡಿಯೊಂದನ್ನು ಅವಳತ್ತ ಚಾಚಿದ.

"ನಿಮ್ಮ ಮನೆಯೋರ ಕೈಯಿಂದ ನಮಗೆ ಸಿಕ್ಕಿದ್ದೇ ಸಾಕು" ಎಂದು ಫುಸಾಎ ಮುಖ ತಿರುಗಿಸಿದಳು.

ಶಿಯೊಗಾಕೆ ದಿಬ್ಬ ಏರಿದ. ಅವನೂ ಎದುರಾಳಿಯೂ ಗೂಳಿಗಳಂತೆ ಡಿಕ್ಕಿ ಹೊಡೆದರು. ಮೂರೇ ನೂಕಿಗೆ ಎದುರಾಳಿ ಅಂಚಿಗೆ ಬಂದ, ಅವನ ಹಿಮ್ಮಡಿ ವೃತ್ತದ ಹೊರಗಿನ ಮರಳಿಗೆ ತಾಗಿ ಕುಸ್ತಿ ಮುಗಿಯಿತು. ಫುಸಾಎ ಮುಷ್ಟಿ ಬಿಗಿದಳು. ನೂಕು, ಈಗ ನೂಕು, ನಿನ್ನ ಬಣ್ಣ ಎಲ್ಲರೂ ನೋಡಲಿ.

ಶಿಯೊಗಾಕೆ ನೂಕಲಿಲ್ಲ. ಬೀಳಲಿದ್ದವನ ನಡುಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಎಳೆದು ನೆಟ್ಟಗೆ ನಿಲ್ಲಿಸಿದ.

"ನೋಡಿದ್ರಾ ಅಕ್ಕಾ, ಎಷ್ಟು ಒಳ್ಳೆ ಹುಡುಗ!" ಮುದುಕ ಚಪ್ಪಾಳೆ ತಟ್ಟಿದ.

ಫುಸಾಎಗೆ ಮೈಯೆಲ್ಲ ಉರಿ ಹತ್ತಿತು. ಒಮ್ಮೆ ನುಗ್ಗಿದ ಮೇಲೆ ತನ್ನನ್ನು ತಡೆದುಕೊಳ್ಳುವ ಶಕ್ತಿಯೇ ಅವನಿಗಿಲ್ಲ ಎಂದು ಮೂರು ವರ್ಷ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು. ತಡೆದುಕೊಳ್ಳಲು ಅವನಿಗೆ ಬರುತ್ತಿತ್ತು!

ಹಿಂಬಾಗಿಲಲ್ಲಿ ಅವನು ಸ್ನಾನ ಮಾಡಿ ಹೊರಬರುವವರೆಗೂ ಕಾದಳು. ಬಂದವನಿಗೆ ಅಡ್ಡ ನಿಂತಳು.

"ನಾನು ಮಿತ್ಸುಗುವಿನ ತಾಯಿ."

ಅವನು ಕೈಚೀಲ ಕೆಳಗಿಟ್ಟು ತಲೆಬಾಗಿದ. "ಅವತ್ತಿಂದ ಒಬ್ಬರನ್ನೂ ಹಾಗೆ ಬೀಳಿಸಿಲ್ಲಮ್ಮ. ಹಿಡಿಯೋದು ಕಲಿತೆ."

"ಯಾವುದರ ಮೇಲೆ ಕಲಿತೆ? ನನ್ನ ಮಗನ ಮಂಡಿ ಮೇಲಾ?"

ಹಿಂದೆಯೇ ಬಂದಿದ್ದ ಸೋದರಮಾವ ಬಾಯಿ ಹಾಕಿದ. "ಬಿಡಿ ತಾಯಿ, ಕುಸ್ತಿ ಅಂದ್ಮೇಲೆ..."

"ನೀವು ಸುಮ್ನಿರಿ" ಎಂದು ಮತ್ತೆ ಶಿಯೊಗಾಕೆಯತ್ತ ತಿರುಗಿದಳು. "ಆಸ್ಪತ್ರೆಗೆ ಒಂದ್ಸಲ ಬರೋಕೂ ಆಗ್ಲಿಲ್ವೇನೋ ನಿನಗೆ?"

"ಬಂದಿದ್ದೆ. ಬಾಗಿಲವರೆಗೆ. ಒಳಗೆ ನಿಮ್ಮ ದನಿ ಕೇಳಿಸ್ತು. ಹೆದರಿ ವಾಪಸ್ ಹೋದೆ."

"ನೂರೈವತ್ತು ಕಿಲೋ ಇದ್ದೀಯ, ಒಬ್ಬ ಹೆಂಗಸಿನ ದನಿಗೆ ಹೆದರಿದ್ಯಾ!"

"ಹೂಂ."

"ಹಾಗೇ ಹೆದರ್ಕೊಂಡಿರು" ಎಂದು ಹೊರಟಳು. ಅವನು ತಲೆ ಎತ್ತಲಿಲ್ಲ.

ಮಾರನೆಯ ದಿನ ಊರಿಗೆ ಮರಳಿ ಎಲ್ಲವನ್ನೂ ಮಿತ್ಸುಗುವಿಗೆ ಹೇಳಿದಳು. ಮಗನ ಮನಸ್ಸು ಹಗುರಾದೀತು ಎಂದುಕೊಂಡಿದ್ದಳು.

"ನನ್ನ ಪರವಾಗಿ ಜಗಳ ಆಡು ಅಂತ ನಿನಗೆ ಯಾರು ಹೇಳಿದ್ರು?" ಎಂದು ಅವನು ಸಿಡಿದ. "ಊರೆಲ್ಲ ನನ್ನ ಕಂಡು ಅಯ್ಯೋ ಪಾಪ ಅನ್ನೋದು ಸಾಲ್ದು ಅಂತ ಅಲ್ಲೂ ಹೋಗಿ ಸಾರಿ ಬಂದ್ಯಾ?"

ಮೂರು ದಿನ ಅವಳೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಏಡಿಯ ಕಾಲು ಕಟ್ಟುತ್ತಾ, ಅವಳತ್ತ ನೋಡದೆಯೇ ಕೇಳಿದ.

"ನಿಜವಾಗ್ಲೂ ಬಾಗಿಲವರೆಗೂ ಬಂದಿದ್ನಂತಾ?"

"ಹಂಗಂದ."

"ಹೇಡಿ" ಎಂದು ಮಿತ್ಸುಗು ಇನ್ನೊಂದು ಏಡಿಯನ್ನು ಕೈಗೆತ್ತಿಕೊಂಡ.