ಎಡಗಡೆಯ ಚಕ್ರ

ನೋಡಿ, ಮೊದಲೇ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಬ್ರಷ್ ಹಿಡಿದವರು ನೂರು ಜನ ಇರಬಹುದು, ಬ್ರಷ್ ಹಿಡಿದ ಹೀರೋ ಮಾತ್ರ ಒಬ್ಬನೇ. ಹನ್ನೊಂದು ದಿನ ಎದುರಿಗೆ ಕೂತ ಟೈಲರ್ ಅತ್ತೆಯನ್ನು ಹಾಗೇ ಎತ್ತಿ ಕ್ಯಾನ್ವಾಸ್ ಮೇಲೆ ಕೂರಿಸಿದವನು. ಅದೂ ಹೇಗೆ? ಎಡ ಬಲಕ್ಕೆ, ಬಲ ಎಡಕ್ಕೆ, ಇಡೀ ಅಂಗಡಿಯನ್ನೇ ಉಲ್ಟಾ ಮಾಡಿ. ಬೇಕಂತಲೇ. ಪರದೆ ಸರಿದಾಗ ಚಪ್ಪಾಳೆ ಬಿತ್ತು. ಟ್ರೇಲರ್ ಇಷ್ಟು ಸಾಕು, ಈಗ ಪಿಕ್ಚರ್‌ಗೆ ಬನ್ನಿ.

ಹೀರೋ ಅನ್ನುವುದು ಅತ್ತೆ ಇಟ್ಟ ಹೆಸರು. ಒಂದು ಲೋಟ ನೀರು ಕೇಳುವುದಕ್ಕೂ ಸಿನಿಮಾ ಡೈಲಾಗ್ ಹೊಡೆಯುವವನಿಗೆ ಇನ್ನೇನಂತ ಕರೆಯುವುದು? ಅತ್ತೆ ಅವನ ಅಪ್ಪನ ಅಕ್ಕ. ಬೀದಿಯ ತಿರುವಿನಲ್ಲಿ ಒಂದೇ ಕೋಣೆಯ ಅಂಗಡಿ ಇಟ್ಟುಕೊಂಡು ಮೂವತ್ತೊಂದು ವರ್ಷ ಬಟ್ಟೆ ಹೊಲಿದವಳು. ಎಡಕ್ಕೆ ಕ್ಷೌರದಂಗಡಿ, ಬಲಕ್ಕೆ ಬೀಗ ರಿಪೇರಿಯವನು. ಈಗ ಆ ಕಟ್ಟಡವನ್ನೇ ಕೆಡವುತ್ತಾರೆ. ಹೊಲಿಗೆ ಮಿಷನ್ನು ಬೇರೆ ಊರಿನ ಯಾರಿಗೋ ಹೋಗುವುದೆಂದು ನಿಶ್ಚಯವಾಗಿತ್ತು. ಅದು ಹೋಗುವ ಮೊದಲು ಅತ್ತೆಗೆ ಒಂದೇ ಒಂದು ಆಸೆ.

"ನನ್ನದೊಂದು ಚಿತ್ರ ಬಿಡ್ಸೋ. ಮಿಷನ್ ಮುಂದೆ ಕೂತಿರೋ ಹಾಗೆ."

"ಫೋಟೋ ತೆಗೆದ್ರೆ ಆಗಲ್ವಾ ಅತ್ತೆ?"

"ಫೋಟೋದಲ್ಲಿ ನಾನು ಯಾವಾಗ್ಲೂ ಕಣ್ಣು ಮುಚ್ಚಿರ್ತೀನಿ. ಕೂತು ನೋಡೋರು ಬೇಕು ಕಣೋ. ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿದೀನಿ, ನಾನು ಹೇಗೆ ಕಾಣ್ತಿದ್ದೆ ಅಂತ ನನಗೇ ಗೊತ್ತಿಲ್ಲ."

"ಅತ್ತೆ, ಈ ಕೈ ಬ್ರಷ್ ಹಿಡಿದ್ರೆ ಗೋಡೆನೂ ಎದ್ದು ಮಾತಾಡುತ್ತೆ."

"ಗೋಡೆ ಸುಮ್ಮನಿರ್ಲಿ. ಮಿಷನ್ ಹೋಗೋದ್ರೊಳಗೆ ಮುಗ್ಸು."

ಮೊದಲ ದಿನ ಹೀರೋ ಎರಡು ಷರತ್ತು ಹಾಕಿದ. ಚಿತ್ರ ಮುಗಿಯುವವರೆಗೆ ಕ್ಯಾನ್ವಾಸಿನ ಈಚೆ ಬಂದು ಇಣುಕಬಾರದು. ದಿನವೂ ಅದೇ ಬಟ್ಟೆ ಹಾಕಬೇಕು, ಇಲ್ಲದಿದ್ದರೆ ಬಣ್ಣ ಹೊಂದುವುದಿಲ್ಲ. ಅತ್ತೆ ತಾನೇ ಹೊಲಿದುಕೊಂಡ ನೀಲಿ ಉಡುಪು ಹಾಕಿ, ಕೊರಳಿಗೆ ಅಳತೆ ಟೇಪು ಇಳಿಬಿಟ್ಟು ಕೂತಳು. ಹೀರೋ ಅವಳಿಗೆ ಬೆನ್ನು ಹಾಕಿ ನಿಂತು, ಇಬ್ಬರೂ ಬರುವಂತೆ ಮೊಬೈಲಿನಲ್ಲಿ ಒಂದು ಸೆಲ್ಫಿ ತೆಗೆದ. ಅದರ ಕೆಳಗೆ ಬರೆದ: 'ಕಲಾವಿದ ಕೆಲಸದಲ್ಲಿದ್ದಾನೆ, ದಾರಿ ಬಿಡಿ.' ಐವತ್ತು ಜನ ಮೆಚ್ಚಿದರು. ಅವತ್ತಿನ ಕೆಲಸ ಅಷ್ಟಕ್ಕೇ ಮುಗಿಯಿತು.

ಮರುದಿನ ಪೆನ್ಸಿಲ್ ಚೂಪು ಮಾಡಿದ. ಅದರ ಮರುದಿನ ಪೆನ್ಸಿಲ್ ತುಂಬಾ ಚೂಪಾಯಿತು ಅನ್ನಿಸಿತು. ಬೆಳಕು ಸರಿಯಿಲ್ಲ ಅಂದ, ಬೆಳಕು ಸರಿಹೋದ ಮೇಲೆ ಮೂಡ್ ಇಲ್ಲ ಅಂದುಕೊಂಡ. ಆದರೆ ಸುಮ್ಮನೆ ಕೂತರೆ ಅತ್ತೆಗೆ ಗೊತ್ತಾಗಿಬಿಡುತ್ತದಲ್ಲ? ಅದಕ್ಕೊಂದು ಉಪಾಯ ಮಾಡಿದ. ಬಲಗೈಯಲ್ಲಿ ಬ್ರಷ್ ಹಿಡಿದು ಬರೀ ನೀರಿನ ಲೋಟದಲ್ಲಿ ಗಲಗಲ ಆಡಿಸುವುದು, ಒದ್ದೆ ಬ್ರಷ್ಷನ್ನು ಬಿಳಿ ಕ್ಯಾನ್ವಾಸ್ ಮೇಲೆ ಸರ್ರನೆ ಎಳೆಯುವುದು. ಎಡಗೈಯಲ್ಲಿ ಮೊಬೈಲ್ ಹಿಡಿದು ದಿನಕ್ಕೊಂದು ಚಿಂತನೆ ಬರೆಯುವುದು. 'ಖಾಲಿ ಕ್ಯಾನ್ವಾಸೂ ಒಂದು ಚಿತ್ರವೇ, ನೋಡುವ ಕಣ್ಣು ಬೇಕು.' 'ನಾನು ತಡಮಾಡುತ್ತಿಲ್ಲ, ಕಾಲ ಅವಸರ ಮಾಡುತ್ತಿದೆ.' ಜನ ಭಲೇ ಅಂದರು. ಏಳನೇ ದಿನ ಯಾರೋ ಗುರುಗಳೇ ಅಂತಲೂ ಕರೆದರು.

ಆ ಕಡೆ ಅತ್ತೆ ಅಲ್ಲಾಡದೆ ಕೂತಿರುತ್ತಿದ್ದಳು. ಗಿರಾಕಿ ಬಂದರೆ ತುಟಿ ಮಾತ್ರ ಆಡಿಸಿ, "ಒಂದು ಗಂಟೆ ಬಿಟ್ಟು ಬನ್ನಿ, ನನ್ನ ಚಿತ್ರ ಬಿಡ್ಸ್ತಿದಾನೆ" ಅನ್ನುವಳು. ಆ 'ನನ್ನ' ಅನ್ನುವಾಗ ಅವಳ ಮುಖ ಹೇಗಾಗುತ್ತಿತ್ತೋ, ಹೀರೋ ನೋಡಲಿಲ್ಲ. ಮೊಬೈಲಿನಲ್ಲಿದ್ದ.

ಹನ್ನೊಂದನೇ ದಿನ ಇಬ್ಬರು ಹಮಾಲರು ಬಂದರು. ಅತ್ತೆ ಮಿಷನ್ನಿಗೆ ಎಣ್ಣೆ ಬಿಟ್ಟು, ಬಟ್ಟೆ ಚೂರಿನಿಂದ ಒರೆಸಿದಳು.

"ಮುಗೀತೇನೋ ಹೀರೋ?"

"ಸ್ವಲ್ಪ ಫಿನಿಶಿಂಗ್ ಬಾಕಿ ಅತ್ತೆ."

ಅವಳು ಹಮಾಲರ ಕಡೆ ತಿರುಗಿದಳು. "ಅಣ್ಣಾ, ಒಂದರ್ಧ ಗಂಟೆ ಕೂತ್ಕೊಳ್ರಪ್ಪ. ಹುಡುಗಂದು ಇನ್ನೊಂಚೂರು ಇದೆಯಂತೆ." ಟೀ ತರಿಸಿಕೊಟ್ಟು, ಮತ್ತೆ ಹೋಗಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಹೀರೋ ಅರ್ಧ ಗಂಟೆ ನೀರು ಕಲಕಿದ. ಆಮೇಲೆ ಮಿಷನ್ನು ಎದ್ದು ಹೋಯಿತು. ಅದು ನಿಂತಿದ್ದ ಕಡೆ ನೆಲದಲ್ಲಿ ನಾಲ್ಕು ಬಿಳಿ ಗುರುತು ಉಳಿದವು.

ಎರಡೇ ದಿನ. ಭಾನುವಾರ ಸಂಜೆ ಖಾಲಿ ಅಂಗಡಿಯಲ್ಲಿ ಚಿತ್ರ ಸಿದ್ಧವಾಗಿ ನಿಂತಿತ್ತು. ಅಕ್ಕಪಕ್ಕದವರು ಹತ್ತು ಹನ್ನೆರಡು ಜನ ಸೇರಿದ್ದರು. ಅತ್ತೆ ಅದೇ ನೀಲಿ ಉಡುಪಿನಲ್ಲಿ ಬಂದಿದ್ದಳು. ಹೀರೋ ಪರದೆ ಎಳೆದ. ಬೀಗ ರಿಪೇರಿಯವನು ಚಪ್ಪಾಳೆಗೆ ಕೈ ಎತ್ತಿದ್ದ. ಅಷ್ಟರಲ್ಲಿ ಕ್ಷೌರದಂಗಡಿಯವನು ತಲೆ ಓರೆ ಮಾಡಿದ.

"ಅಕ್ಕಾ, ಇದು ನೀವಲ್ಲ."

"ಮತ್ತ್ಯಾರು?"

"ಕನ್ನಡಿ ಒಳಗಿನ ನೀವು. ದಿನಾ ಕನ್ನಡೀಲೇ ಜನಾನ್ನ ನೋಡೋನು ನಾನು, ನನಗೆ ಗೊತ್ತಾಗಲ್ವಾ? ನಿಮ್ಮ ಮಚ್ಚೆ ಆ ಕೆನ್ನೇಲಿ, ಚಿತ್ರದಲ್ಲಿ ಈ ಕೆನ್ನೇಲಿದೆ. ನಿಮ್ಮ ಬಲಗೈ ಹತ್ರ ಇರೋ ಮಿಷನ್ ಚಕ್ರ ಇಲ್ಲಿ ನಿಮ್ಮ ಎಡಗಡೆಗಿದೆ. ಆ ಟೇಪಿನ ಅಂಕಿ ಓದಿ ನೋಡಿ."

ಅತ್ತೆ ಹತ್ತಿರ ಹೋದಳು. ಟೇಪಿನ ಮೇಲೆ ಒಂದೊಂದು ಅಂಕಿಯೂ ಅಚ್ಚುಕಟ್ಟಾಗಿತ್ತು, ಒಂದೊಂದೂ ತಿರುಗುಮುರುಗಾಗಿತ್ತು.

ಹೀರೋಗೆ ಕಿವಿ ಬಿಸಿಯಾಯಿತು. ಆದರೆ ನಾಲಿಗೆ ಎಂದಾದರೂ ಕೈಕೊಟ್ಟಿದ್ದುಂಟೇ? "ಬೇಕಂತಲೇ ಮಾಡಿದ್ದು," ಅಂದ. "ಎಲ್ರೂ ಲೋಕ ನೋಡಿದ ಹಾಗೆ ಬಿಡಿಸ್ತಾರೆ. ನಾನು ಅತ್ತೆ ತನ್ನನ್ನ ಕನ್ನಡೀಲಿ ನೋಡ್ಕೊಳ್ಳೋ ಹಾಗೆ ಬಿಡಿಸ್ದೆ. ಇದು ಹೊಸ ಕಾಲದ ಕಲೆ ಸ್ವಾಮಿ."

ಜನ ತಲೆದೂಗಿದರು. ಚಪ್ಪಾಳೆ ಬಿತ್ತು. ಅತ್ತೆಯೂ ತಟ್ಟಿದಳು. ಆಗಲೇ ಹೀರೋ ಅವಳ ತೋಳು ನೋಡಿದ್ದು. ಹನ್ನೊಂದು ದಿನವೂ ಒಗೆದು ಒಗೆದು ಹಾಕಿದ ಬಟ್ಟೆ, ಮೊಣಕೈ ಹತ್ತಿರ ನೀಲಿಯೇ ಉಳಿದಿರಲಿಲ್ಲ. ಚಿತ್ರದ ನೀಲಿ ಮಾತ್ರ ಮೊದಲ ದಿನದಂತೆ ಹೊಳೆಯುತ್ತಿತ್ತು.

ಎಲ್ಲರೂ ಹೋದ ಮೇಲೆ ಅತ್ತೆ ಚಿತ್ರದ ಮುಂದೆ ನಿಂತು, ಗಾಳಿಯಲ್ಲಿ ಬಲಗೈ ಚಾಚಿ, ಇಲ್ಲದ ಚಕ್ರವನ್ನು ಒಂದು ಸುತ್ತು ತಿರುಗಿಸಿದಳು. ಆಮೇಲೆ ಎಡಗೈಯಿಂದ ತಿರುಗಿಸಿ ನೋಡಿದಳು. ಕೈಗೆ ಹೊಂದಲಿಲ್ಲ.

"ನಿಜವಾಗ್ಲೂ ಬೇಕಂತಲೇನಾ?"

"ಬೇಕಂತಲೇ ಅತ್ತೆ."

"ಹಾಗಾದ್ರೆ ಸರಿ. ನನಗೆ ಇದೆಲ್ಲ ಗೊತ್ತಾಗಲ್ಲ."

ಚಿತ್ರ ಈಗ ಅವಳ ಮನೆಯ ಗೋಡೆಯಲ್ಲಿದೆ. ಬಂದವರು ಯಾರಾದರೂ ಚಕ್ರ ನಿಮ್ಮ ಎಡಕ್ಕಿದೆಯಲ್ಲ ಅಂದರೆ, ಅವಳಿಗೆ ಎಲ್ಲಿಲ್ಲದ ಹುರುಪು. "ಅದು ನಿಮಗೆ ಅರ್ಥ ಆಗಲ್ಲ, ನಮ್ಮ ಹುಡುಗ ಬೇಕಂತಲೇ ಹಾಗೆ ಬಿಡ್ಸಿದಾನೆ" ಅಂತ ಕೂರಿಸಿಕೊಂಡು ವಿವರಿಸುತ್ತಾಳೆ.

ಇನ್ನು ಡೈಲಾಗ್ ಸಾಕು, ಏನಾಯಿತೆಂದು ಹೇಳಿಬಿಡುತ್ತೇನೆ. ಮಿಷನ್ನು ಹೋದ ಮೇಲೆ ಕ್ಯಾನ್ವಾಸಿನ ಮುಂದೆ ಕೂತರೆ, ಅವಳು ಯಾವ ಕೈಯಲ್ಲಿ ಏನು ಮಾಡುತ್ತಿದ್ದಳೆಂದು ಒಂದೂ ನೆನಪಿಗೆ ಬರಲಿಲ್ಲ. ಉಳಿದದ್ದು ಆ ಸೆಲ್ಫಿ ಒಂದೇ. ನನ್ನ ಮೊಬೈಲಿನ ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ, ಎಡಬಲ ತಿರುಗಿಸಿಯೇ ಫೋಟೋ ಇಡುತ್ತದೆ. ಅದನ್ನು ನೋಡಿಕೊಂಡು ನಕಲು ಮಾಡಿದೆ. ಅಂಕಿಗಳನ್ನೂ ಗೀಟುಗಳೆಂದುಕೊಂಡು ಎಳೆದೆ, ಓದಲಿಲ್ಲ. ಫೋಟೋದಲ್ಲಿ ನನ್ನ ಹಲ್ಲುಗಿಂಜಿದ ಮುಖ ಅಡ್ಡ ಬಂದು ಅವಳ ಒಂದು ಕೈ ಮರೆಯಾಗಿತ್ತು. ಆ ಕೈಯನ್ನು ಊಹೆಯಿಂದ ಬಿಡಿಸಿದೆ. ಹನ್ನೊಂದು ದಿನ ನನ್ನೆದುರಿಗೇ ಇದ್ದ ಕೈಯನ್ನು.

ಹೌದು, ಆ ಹೀರೋ ನಾನೇ. ಮೊದಲ ಸಾಲಿನಲ್ಲೇ 'ನಾನು' ಅಂತ ಬರೆಯಬೇಕಿತ್ತು. ಎಂದಿನ ಹಾಗೆ ಅದನ್ನೂ ಮುಂದಕ್ಕೆ ತಳ್ಳುತ್ತಾ ಬಂದೆ.

ನಿಮಗೆ ಹೇಳಿದೆ. ಅತ್ತೆಗೆ ಇನ್ನೂ ಹೇಳಿಲ್ಲ.