ನಾನು ಕರೆಸಿದ ಫುಟ್‌ಬಾಲ್ ಕ್ಲಬ್ಬು

ಕಳೆದ ಬೇಸಿಗೆಯಲ್ಲಿ ಯುರೋಪಿನ ಅತಿ ಶ್ರೀಮಂತ ಫುಟ್‌ಬಾಲ್ ಕ್ಲಬ್ಬನ್ನು ಟೋಕಿಯೋಗೆ ಕರೆಸಿದವನು ನಾನೇ. ಅದರ ಮಾಲೀಕ ಫೋನ್ ಮಾಡಿ, "ಭೀಮಸೇನ, ಜಪಾನಿನಲ್ಲಿ ನಮ್ಮ ಆಟಕ್ಕೆ ಜನ ಸೇರ್ತಾರೇನಪ್ಪ?" ಎಂದು ಅಳುಕುತ್ತ ಕೇಳಿದ. "ನಾನಿಲ್ವೇನಯ್ಯಾ, ಹೊರಟು ಬಾ" ಅಂದೆ. ಬಂದ.

ಎಂಥ ಕ್ಲಬ್ಬು ಅಂತೀರಿ! ಅವರ ಗೋಲ್‌ಕೀಪರ್ ಸೀನಿದರೆ ನೈರೋಬಿಯಿಂದ ನಾಗಸಾಕಿಯವರೆಗೆ ಟೀವಿ ಮುಂದೆ ಕೂತವರೆಲ್ಲ "ಶತಾಯುಷಿಯಾಗು" ಎನ್ನುತ್ತಾರೆ. ಸೆಂಟರ್ ಫಾರ್ವರ್ಡ್‌ನ ಎಡಗಾಲಿನ ಬೆಲೆಗೆ ನಾವಿರುವ ಇಚಿಕಾವಾ ಊರನ್ನು, ಬಾಲ್ಕನಿಗಳಲ್ಲಿ ಒಣಗುತ್ತಿರುವ ಬಟ್ಟೆಗಳ ಸಮೇತ ಕೊಳ್ಳಬಹುದು. ಬಲಗಾಲು ಮಾರಾಟಕ್ಕಿಲ್ಲ.

ಇದನ್ನೆಲ್ಲ ಶಿನಾಗಾವಾದ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಹೇಳಿದೆ. ಮೈಸೂರಿನ ಕಿರಣ ಅನ್ನ ನೆತ್ತಿಗೇರುವಷ್ಟು ನಕ್ಕ. ಎದುರಿಗಿದ್ದ ಜಪಾನಿ ಸಹೋದ್ಯೋಗಿ ಹಸೆಗಾವಾಸಾನ್ ನಗಲಿಲ್ಲ. ಶಾಲೆಗೆ ಹೋಗುವಾಗಿನಿಂದ ಆ ಕ್ಲಬ್ಬನ್ನು ಟೀವಿಯಲ್ಲೇ ಪ್ರೀತಿಸಿಕೊಂಡು ಬಂದ ಮನುಷ್ಯ. ಒಮ್ಮೆಯೂ ಎದುರಿಗೆ ಕಂಡವರಲ್ಲ.

"ಭೀಮಾಸಾನ್, ನನಗೊಂದು ಟಿಕೆಟ್ ಸಿಗಬಹುದೇ?"

"ಒಂದ್ಯಾಕೆ, ಇಡೀ ಸಾಲು ನಿಮ್ದೇ!"

ಬೆಂಗಳೂರಿನಲ್ಲಿ ಇಂಥ ಮಾತು ಕಾಫಿ ಆರುವುದರೊಳಗೆ ಆವಿಯಾಗುತ್ತದೆ. ಹೇಳಿದವನೂ ಮರೆಯುತ್ತಾನೆ, ಕೇಳಿದವನೂ. ಜಪಾನಿನಲ್ಲಿ ಹಾಗಲ್ಲ. ಇಲ್ಲಿ ಇಂಥ ಆಟಕ್ಕೆ ಟಿಕೆಟ್ ಬೇಕೆಂದರೆ ಆನ್‌ಲೈನಿನಲ್ಲಿ ಹೆಸರು ಕೊಟ್ಟು, ಲಾಟರಿ ಎತ್ತುವವರೆಗೆ ಕಾಯಬೇಕು. ಮಂತ್ರಿಯ ಭಾವಮೈದುನನಾದರೂ ಅಷ್ಟೇ. ಹೆಸರು ಕೊಡುವ ಗಡುವು ಮುಗಿದು, ಲಾಟರಿ ಎತ್ತುವ ದಿನ ಹಸೆಗಾವಾಸಾನ್ ಒಂದು ಡಬ್ಬಿ ಸಿಹಿ ತಂದು ನನ್ನ ಮೇಜಿನ ಮೇಲಿಟ್ಟು, ಸೊಂಟ ಬಗ್ಗಿಸಿ ವಂದಿಸಿದರು.

"ನಾನು ಲಾಟರಿಗೆ ಹೆಸರು ಕೊಡಲಿಲ್ಲ. ಕೊಟ್ಟಿದ್ದರೆ ನಿಮ್ಮ ಮಾತನ್ನು ನಂಬದ ಹಾಗಾಗುತ್ತಿತ್ತು."

ನಾನು ಆಗಲೇ ಒಂದು ಸಿಹಿ ಬಾಯಿಗೆ ಹಾಕಿಕೊಂಡಾಗಿತ್ತು.

"ಗುರು, ಮಾಲೀಕಂಗೆ ಒಂದ್ ಫೋನ್ ಹಾಕು ಮತ್ತೆ," ಎಂದ ಕಿರಣ, ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುತ್ತ.

ಫೋನನ್ನು ಕಿವಿಗಿಟ್ಟು, "ಹಲೋ, ಏನಯ್ಯಾ, ಊಟ ಆಯ್ತಾ?" ಎಂದೆ. ಅಷ್ಟರಲ್ಲಿ ಆ ಹಾಳು ಫೋನು ಕಿವಿಯಲ್ಲೇ ರಿಂಗಾಯಿತು. ಗಾಬರಿಯಲ್ಲಿ ಎಲ್ಲೋ ಒತ್ತಿದೆ. ಸ್ಪೀಕರಿನಲ್ಲಿ ನನ್ನ ಹೆಂಡತಿ ಸಾಹಿತ್ಯ.

"ರೀ, ಲಾಟರಿ ಮೇಲ್ ಬಂತು! ನೀವು ಹಾಕಿದ್ದು ಡಬ್ಬಾ, ನಾನು ಹಾಕಿದ್ದು ಬಂತು. ಎರಡು ಸೀಟು, ಕಟ್ಟಕಡೇ ಸಾಲು. ಅಂತೂ ನೀವೂ ಒಂದ್ಸಲ ಟೀವಿ ಬಿಟ್ಟು ಎದುರಿಗೆ ನೋಡ್ತೀರಲ್ಲ! ಬರ್ತಾ ಕೊತ್ತಂಬರಿ ತನ್ನಿ."

ಕಿರಣ ಇದನ್ನು ಒಂದಕ್ಷರ ಬಿಡದೆ ಜಪಾನಿ ಭಾಷೆಗೆ ತಿರುಗಿಸಿದ. ಕೊತ್ತಂಬರಿಯನ್ನೂ ಬಿಡಲಿಲ್ಲ.

ಹಸೆಗಾವಾಸಾನ್ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಸರಿಮಾಡಿದರು, ಅಷ್ಟೇ. ಬೈದಿದ್ದರೆ ಇನ್ನೆರಡು ಸುಳ್ಳು ಹೇಳಿ ದಾಟಿಕೊಳ್ಳುತ್ತಿದ್ದೆ.

"ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತ ಎದ್ದು ನಿಂತು ಬಗ್ಗಿದೆ. "ನನಗೆ ಯಾವ ಮಾಲೀಕನೂ ಗೊತ್ತಿಲ್ಲ. ಅವರ ಮೈದಾನದ ಹುಲ್ಲು ಕತ್ತರಿಸೋನೂ ಗೊತ್ತಿಲ್ಲ. ನಾನೂ ನಿಮ್ಮ ಹಾಗೆ ಟೀವಿಯಲ್ಲಿ ನೋಡಿದವನೇ. ನನ್ನ ಸೀಟಲ್ಲಿ ನೀವು ಕೂತ್ಕೊಳ್ಳಿ. ಟಿಕೆಟ್ ನನ್ನ ಹೆಂಡತಿ ಹೆಸರಲ್ಲಿದೆ, ಅವಳ ಜೊತೆ ಹೋಗಬೇಕು. ರೆಫರಿಗೆ ಅವಳು ಬೈಯೋದು ನಿಮಗೆ ಅರ್ಥ ಆಗದಿರೋದೇ ಒಳ್ಳೇದು."